ನಾಲ್ಕು ಆಲಿವ್ ಗಿಡ, ಮೂರೆಳೆ ವಿಭೂತಿ

ಗುರುಶಾಂತಪ್ಪನವರ ಕೈಗೆ ಮೈಕು ಕೊಟ್ಟವರು ಕನ್ನಡ ಸಂಘದ ಅಧ್ಯಕ್ಷ ಶಿವರಾಮು. ಆದ್ದರಿಂದ ಮುಂದೆ ನಡೆದುದರಲ್ಲಿ ಅರ್ಧ ಹೊಣೆ ಅವರದೆಂದೇ ನಾನು ತಿಳಿದಿದ್ದೇನೆ. ಉಳಿದರ್ಧ ಯಾರದೆಂದು ಓದಿದವರು ತೀರ್ಮಾನಿಸಲಿ.

ಅಂದು ಅಮೆರಿಕದ ಮಿಷಿಗನ್ ರಾಜ್ಯದ ವೆಸ್ಟ್ ಬ್ಲೂಮ್‌ಫೀಲ್ಡಿನಲ್ಲಿ ಪಂಚಾಕ್ಷರಿಯವರ ಹನ್ನೊಂದನೆಯ ದಿನದ ಗಣಾರಾಧನೆ. ಪಂಚಾಕ್ಷರಿಯವರು ಡಿಯರ್‌ಬಾರ್ನಿನಲ್ಲಿ ಮೂವತ್ತು ವರ್ಷ ಎಂಜಿನಿಯರಾಗಿದ್ದು, ಒಬ್ಬರಿಗೂ ದನಿ ಏರಿಸಿ ಮಾತಾಡದೆ, ಮೇ ತಿಂಗಳ ಇಪ್ಪತ್ನಾಲ್ಕರ ಬೆಳಿಗ್ಗೆ ಲಿಂಗಪೂಜೆ ಮುಗಿಸಿ ಕುಳಿತಲ್ಲೇ ಲಿಂಗೈಕ್ಯರಾದವರು. ಅವರ ಹೆಂಡತಿ ಕಮಲವ್ವ ಗುರುಶಾಂತಪ್ಪನವರ ಸ್ವಂತ ಅಕ್ಕ. ಪ್ರಸಾದವಾದ ಮೇಲೆ ಒಬ್ಬೊಬ್ಬರೇ ಎದ್ದು ಎರಡು ಮಾತು ಹೇಳುತ್ತಿದ್ದರು. ಶಿವರಾಮು ಮೈಸೂರಿನವರು, ಎರಡು ಮಾತನ್ನು ಇಪ್ಪತ್ತು ನಿಮಿಷ ಹೇಳಿ ಎಲ್ಲರ ಕಣ್ಣಲ್ಲೂ ನೀರು ತರಿಸಿದರು. ಆಮೇಲೆ ಮೈಕು ಗುರುಶಾಂತಪ್ಪನವರಿಗೆ ಬಂತು.

ಗುರುಶಾಂತಪ್ಪನವರು ವಿಕ್ಸಮ್ಮಿನ ಒಂದು ಕಾರ್ಖಾನೆಯಲ್ಲಿ ಬ್ರೇಕಿನ ಬಿಡಿಭಾಗಗಳ ಅಳತೆ ನೋಡುವವರು. ಅಳತೆಗೆ ಬಂದರೆ ಪಾಸು, ಬಾರದಿದ್ದರೆ ಕೆಂಪು ಡಬ್ಬಿ. ಈ ಕೆಲಸದಲ್ಲಿ ಭಾಷಣಕ್ಕೆ ಎಡೆಯಿಲ್ಲ. ಏನು ಹೇಳಬೇಕೆಂದು ತೋಚದೆ ಅವರು ಸುತ್ತಲೂ ನೋಡಿದರು. ಕಿಟಕಿಯ ಬಳಿ ನಾಲ್ಕು ಕುಂಡಗಳಲ್ಲಿ ನಾಲ್ಕು ಆಲಿವ್ ಗಿಡಗಳು ನಿಂತಿದ್ದವು. ಶಿಕಾಗೋ ಹತ್ತಿರದ ಒಬ್ಬ ಗ್ರೀಕ್ ಮುದುಕನ ನರ್ಸರಿಯಿಂದ ಪಂಚಾಕ್ಷರಿ ದಂಪತಿಗಳು ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ತಂದಿದ್ದ ಗಿಡಗಳು.

“ಮಾಮಾ ಮೂರು ವರ್ಷ ಈ ಗಿಡದ ಹೂವಿಗೆ ಕಾದ್ರು. ನೋಡದ ಹ್ವಾದ್ರು,” ಎಂದರು ಗುರುಶಾಂತಪ್ಪನವರು.

ಸಭೆ ನಿಶ್ಶಬ್ದವಾಯಿತು. ಅಲ್ಲಿಗೆ ಮೈಕು ಕೆಳಗಿಟ್ಟಿದ್ದರೆ ಶಿವರಾಮು ಅವರ ಇಪ್ಪತ್ತು ನಿಮಿಷ ಮಣ್ಣುಪಾಲಾಗುತ್ತಿತ್ತು. ಆದರೆ ನಿಶ್ಶಬ್ದವಾದ ಸಭೆ ಮನುಷ್ಯನ ತಲೆಗೇರುತ್ತದೆ.

“ನಾ ಇವತ್ತ ಮಾತು ಕೊಡ್ತೀನಿ. ಬರೋ ವರ್ಷ ಮೇ ಇಪ್ಪತ್ನಾಲ್ಕಕ್ಕ, ಪುಣ್ಯಸ್ಮರಣಿ ದಿನ, ಈ ಗಿಡದ ಹೂವು ಮಾಮಾನ ಫೋಟೋಕ್ಕ ಏರಸ್ತೀನಿ. ಒಂದಲ್ಲ, ನಾಲ್ಕೂ ಗಿಡದ್ದು!”

ಶಿವರಾಮು ಚಪ್ಪಾಳೆ ತಟ್ಟಲು ಹೋಗಿ, ಇದು ಎಂಥ ಸಭೆಯೆಂದು ನೆನಪಾಗಿ, ಎತ್ತಿದ ಕೈಗಳನ್ನು ಹಾಗೇ ಜೋಡಿಸಿ ನಮಸ್ಕಾರ ಮಾಡಿದರು. ಹನ್ನೊಂದು ದಿನದಿಂದ ಯಾರೊಡನೆಯೂ ಮಾತಾಡದೆ ಗೋಡೆಗೆ ಒರಗಿದ್ದ ಕಮಲವ್ವ ತಲೆಯೆತ್ತಿ, “ಖರೇನ ಗುರೂ?” ಎಂದರು.

“ಖರೇ ಅಕ್ಕಾ,” ಎಂದರು ಗುರುಶಾಂತಪ್ಪನವರು.

ಹೋದವರ ಹೆಸರಿನಲ್ಲಿ ಮಾತು ಕೊಡುವಾಗ ಮನುಷ್ಯ ತುಸು ಹೆಚ್ಚೇ ಕೊಡುತ್ತಾನೆ. ಅಷ್ಟೊಂದು ಬೇಡವೆನ್ನಲು ಅವರು ಎದ್ದು ಬರುವುದಿಲ್ಲ. ಆದರೆ ಇದ್ದವರು ಆ ಮಾತನ್ನು ಹಿಡಿದುಕೊಂಡು ಕೂರುತ್ತಾರೆ. ಕಮಲವ್ವ ಆ ವರ್ಷವೆಲ್ಲ ಹಿಡಿದುಕೊಂಡದ್ದು ಅದೊಂದನ್ನೇ.

ಗಿಡಗಳು ವಿಕ್ಸಮ್ಮಿಗೆ, ಗುರುಶಾಂತಪ್ಪನವರ ಮನೆಗೆ ಬಂದವು. ನವೆಂಬರಿನಲ್ಲಿ ಹೊರಗೆ ಹಿಮ ಬೀಳುವ ಸೂಚನೆ ಕಂಡಾಗ ಗುರುಶಾಂತಪ್ಪನವರು ಅವನ್ನು ಹಾಲಿಗೆ ತರಹೋದರು. ಅವರ ಹೆಂಡತಿ ಸ್ಮಿತಾ ಬಾಗಿಲಲ್ಲೇ ನಿಂತರು.

“ಒಂದು ಗಿಡಾ ಒಳಗ ಬಂದ್ರೂ ನಾ ಹೊರಗ ಹೋಗ್ತೀನಿ ನೋಡ್ರಿ.”

“ಮಾಮಾನ ಗಿಡಾ, ಸ್ಮಿತಾ.”

“ಮಾಮಾನ ಗಿಡಕ್ಕ ಗ್ಯಾರೇಜ್ ಐತಿ. ನನಗ ಯಾವ ಗ್ಯಾರೇಜ್ ಐತಿ?”

ಹೀಗೆ ನಾಲ್ಕೂ ಗಿಡಗಳು ಚಳಿಗಾಲವೆಲ್ಲ ನಲವತ್ತು ಡಿಗ್ರಿ ಫ್ಯಾರನ್‌ಹೀಟಿನ ಗ್ಯಾರೇಜಿನಲ್ಲಿ ನಡುಗುತ್ತ ನಿಂತವು. ಗುರುಶಾಂತಪ್ಪನವರು ಅವುಗಳ ಮುಖ ನೋಡಲಾರದೆ ಕಾರನ್ನು ಹೊರಗೇ ನಿಲ್ಲಿಸಿ ದಿನವೂ ಹಿಮ ಕೆರೆದರು. ಆದರೆ ಏಪ್ರಿಲ್ ಎರಡನೆಯ ವಾರ ನೋಡುತ್ತಾರೆ, ಎಲೆಯ ಸಂದಿಯಲ್ಲಿ ಹಸಿರು ಮೊಗ್ಗಿನ ಗೊಂಚಲು! ಆಲಿವ್ ಗಿಡ ಒಂದಷ್ಟು ವಾರ ಚಳಿ ತಿನ್ನದೆ ಹೂವಿಗೆ ಬರುವುದಿಲ್ಲವೆಂದು ತಿಳಿದದ್ದು ಆಮೇಲೆ. ಪಂಚಾಕ್ಷರಿಯವರು ಮೂರು ಚಳಿಗಾಲವೂ ಅವನ್ನು ಎಪ್ಪತ್ತೆರಡು ಡಿಗ್ರಿಯ ಹಾಲಿನಲ್ಲಿ ಮಕ್ಕಳಂತೆ ಸಾಕಿದ್ದರು. ಅವರ ಪ್ರೀತಿಯಿಂದ ಆಗದ ಕೆಲಸ ಸ್ಮಿತಾ ಅವರ ಸಿಟ್ಟಿನಿಂದ ಆಗಿತ್ತು. ಇದರಲ್ಲಿ ಶಿವನ ಇಚ್ಛೆ ಏನಿತ್ತೋ ನಾನು ಹೇಳಲಾರೆ.

ಗುರುಶಾಂತಪ್ಪನವರು ಕಾರ್ಖಾನೆಯ ಕ್ಯಾಲಿಪರ್ ತಂದು ಮೊಗ್ಗಿನ ಅಳತೆ ತೆಗೆದರು. ಒಂದೂವರೆ ಮಿಲಿಮೀಟರ್. ಫೋಟೋ ತೆಗೆದು ಸಂಘದ ವಾಟ್ಸಾಪ್ ಗುಂಪಿಗೆ ಹಾಕಿದರು. ಹತ್ತು ನಿಮಿಷದಲ್ಲಿ ಶಿವರಾಮು ಅವರ ಪ್ರಕಟಣೆ ಹೊರಟಿತು: “ಮೇ ಇಪ್ಪತ್ನಾಲ್ಕು, ಶನಿವಾರ, ಪೂಜ್ಯ ಪಂಚಾಕ್ಷರಿಯವರ ಪುಣ್ಯಸ್ಮರಣೆ. ಮಿಷಿಗನ್‌ನಲ್ಲಿ ಮೊಟ್ಟಮೊದಲ ಬಾರಿಗೆ ಆಲಿವ್ ಪುಷ್ಪಾರ್ಚನೆ. ಮೆಮೋರಿಯಲ್ ಡೇ ರಜೆ ಇರುವುದರಿಂದ ನೆಪ ಹೇಳುವಂತಿಲ್ಲ. ಹೂ ಕಟ್ಟಲು ಬರುವ ಮಹಿಳೆಯರು ಸೂಜಿ ದಾರ ತರತಕ್ಕದ್ದು.” ಶಿಕಾಗೋದಿಂದ ನಾಲ್ಕು ಕಾರು ಬರುವುದಾಗಿ ತಿಳಿಸಿದವು.

ಅದನ್ನು ಓದಿ ಚಿದಂಬರ ಬಂದರು. ಗುರುಶಾಂತಪ್ಪನವರ ಜೊತೆ ಬಾಗಲಕೋಟೆಯಲ್ಲಿ ಎಂಜಿನಿಯರಿಂಗ್ ಓದಿದವರು. ಈಗ ಡಿಯರ್‌ಬಾರ್ನಿನಲ್ಲಿ, ಇನ್ನೂ ತಯಾರಾಗದ ಕಾರುಗಳನ್ನು ಕಂಪ್ಯೂಟರಿನೊಳಗೇ ಗೋಡೆಗೆ ಗುದ್ದಿಸಿ ನೋಡುವ ಕೆಲಸ. ಮುಟ್ಟದ ವಸ್ತುಗಳ ಬಗ್ಗೆ ಅವರಿಗಿದ್ದ ಖಚಿತ ಜ್ಞಾನ ಇನ್ನೊಬ್ಬರಿಗಿರಲಿಲ್ಲ. ಗ್ಯಾರೇಜಿನಲ್ಲಿ ನಿಂತು, ಕುಂಡಕ್ಕೆ ಸಿಕ್ಕಿಸಿದ್ದ ನರ್ಸರಿಯ ಚೀಟಿಗಳನ್ನು ಓದಿ, ಫೋನಿನಲ್ಲಿ ಹುಡುಕಿ, ನಿಧಾನವಾಗಿ ನಕ್ಕರು.

“ಲೇ ಗುರ್ಯಾ, ನಾಲ್ಕೂ ಒಂದ ದಿನ ಬಿಡ್ತಾವಂತ ನಿನಗ ಯಾರ ಹೇಳ್ಯಾರ?”

“ಯಾಕ? ಒಂದ ನೀರು, ಒಂದ ಗೊಬ್ಬರ, ಒಂದ ಗ್ಯಾರೇಜ್. ಒಂದ ದಿನ ಬಿಡಬೇಕು.”

“ಇವು ನಾಲ್ಕೂ ಬ್ಯಾರೆ ಬ್ಯಾರೆ ಜಾತಿ ಅದಾವಪಾ. ಕೊರೊನೈಕಿ ಎಲ್ಲಾರಕಿಂತ ಮೊದಲ. ಆಮ್ಯಾಲೆ ಆರ್ಬೆಕಿನಾ. ಆಮ್ಯಾಲೆ ಲೆಚಿನೊ. ಫ್ರಾಂಟೊಯೊ ಕಡೀಕ. ಮೊದಲಿಂದಕ್ಕೂ ಕಡೀದಕ್ಕೂ ಎರಡು ವಾರ ಫರಕ್ ಇರಬಹುದು. ಒಮ್ಮೆ ಬಿಟ್ಟ ಹೂವು ಗಿಡದ ಮ್ಯಾಲೆ ಇರೋದು ಒಂದು ವಾರ.”

“ಹಂಗ ಹ್ಯಾಂಗ ಆಗ್ತೈತಿ?”

“ನಿನ್ನ ಗಾಡ್ಯಾಗ ನಾಲ್ಕು ಸಿಲಿಂಡರ್ ಅದಾವಲ್ಲ, ನಾಲ್ಕೂ ಒಮ್ಮೆಲೆ ಹೊಡೀತಾವೇನು? ಅಕ್ಕಗ ಹೇಳಿಬಿಡು. ಒಂದೋ ಎರಡೋ ಗಿಡದ್ದು ಸಿಗ್ತಾವ, ಅಷ್ಟ ಏರಸೋಣಂತ.”

ಅಷ್ಟರಲ್ಲಿ ಫೋನು ಬಂತು. ಕಮಲವ್ವ ದಿನವೂ ಒಮ್ಮೆ ಫೋನು ಮಾಡುತ್ತಿದ್ದರು. ಹೂವು ಬಂತೇ ಎಂದು ಕೇಳುತ್ತಿರಲಿಲ್ಲ. “ಗುರೂ, ಹ್ಯಾಂಗ ಅದಾವ?” ಎಂದಷ್ಟೇ, ಆಸ್ಪತ್ರೆಯಲ್ಲಿ ಮಲಗಿದವರನ್ನು ವಿಚಾರಿಸುವಂತೆ.

“ಫಸ್ಟ್ ಕ್ಲಾಸ್ ಅದಾವಕ್ಕಾ,” ಎಂದರು ಗುರುಶಾಂತಪ್ಪನವರು, ಚಿದಂಬರರಿಗೆ ಬೆನ್ನು ಮಾಡಿ.

ಆ ಗಳಿಗೆಯಿಂದ ಅವರಿಗೆ ನಿಂತಲ್ಲಿ ನಿಲ್ಲಲಾಗದ ಕಾಯಿಲೆ ಹತ್ತಿತು. ತಡವಾಗುವ ಗಿಡಕ್ಕೆ ಬಿಸಿ, ಮುಂಚೆ ಬಿಡುವ ಗಿಡಕ್ಕೆ ತಂಪು, ನಡುವಿನ ಎರಡಕ್ಕೆ ಬಿಸಿಲು: ನಾಲ್ಕನ್ನೂ ಮೇ ಇಪ್ಪತ್ನಾಲ್ಕಕ್ಕೆ ತಂದು ನಿಲ್ಲಿಸುವುದು. ಗ್ಯಾರೇಜಿನ ಗೋಡೆಗೆ ಪಟ್ಟಿ ಅಂಟಿಸಿದರು. ಮಸುಕಾಗಿದ್ದ ನರ್ಸರಿ ಚೀಟಿಗಳು ಕಾರ್ಖಾನೆಯ ಶಿಸ್ತಿಗೆ ಒಪ್ಪಲಿಲ್ಲ. ಅವನ್ನು ಕಿತ್ತು ಜೇಬಿಗಿಟ್ಟು, ಪ್ರತಿ ಕುಂಡಕ್ಕೂ ಸಂಖ್ಯೆ ಕೊಡಲು ನಿರ್ಧರಿಸಿದರು. ಆಗಷ್ಟೇ ಪೂಜೆ ಮುಗಿಸಿ ಬಂದಿದ್ದರಿಂದ ಕೈಯಲ್ಲಿ ವಿಭೂತಿಯ ಗಟ್ಟಿಯಿತ್ತು. ನೀರಿನಲ್ಲಿ ತೇದು ಕುಂಡದ ಮೇಲೆ ಎಳೆದರು. ಕೊರೊನೈಕಿಗೆ ಒಂದು ಎಳೆ, ಆರ್ಬೆಕಿನಾಕ್ಕೆ ಎರಡು, ಲೆಚಿನೊಗೆ ಮೂರು, ಫ್ರಾಂಟೊಯೊಗೆ ನಾಲ್ಕು. ಪವಿತ್ರವೂ ಆಯಿತು, ಎಣಿಕೆಯೂ ಆಯಿತು ಎಂದು ಸಂತೋಷಪಟ್ಟು ಕೆಲಸಕ್ಕೆ ಹೋದರು. ಪ್ಯಾಂಟು ಒಗೆಯಲು ಹೋಯಿತು. ಚೀಟಿಗಳು ಅದರ ಜೇಬಿನಲ್ಲಿದ್ದವು.

ಮರುದಿನ ಸಂಜೆ ಮನೆಗೆ ಬಂದಾಗ ಸ್ಮಿತಾ ಎಂದೂ ಇಲ್ಲದ ಮೃದು ದನಿಯಲ್ಲಿ, “ಅಕ್ಕಾರು ಬಂದಿದ್ರು. ಹರಿ ಕಾರಿನ್ಯಾಗ ಬಿಟ್ಟು ಹೋಗಿದ್ದ,” ಎಂದರು. ಹರಿ ಕಮಲವ್ವನ ಮಗ.

“ಗಿಡಾ ನೋಡಿದ್ಲೇನು?”

“ನೋಡಿದ್ರು. ಕಣ್ಣಾಗ ನೀರು ತಂದ್ರು ಪಾಪ. ‘ನಮ್ಮ ಗುರು ಗಿಡಕ್ಕೂ ವಿಭೂತಿ ಹಚ್ಯಾನಲ್ಲ ಸ್ಮಿತಾ! ಆದ್ರ ಕೆಲಸಕ್ಕ ಹೋಗೋ ಅವಸರದಾಗ ಹಚ್ಯಾನ, ಒಂದೂ ಸರಿ ಇಲ್ಲ’ ಅಂದು, ಎಲ್ಲಾ ಕುಂಡಾ ಒರಸಿ, ಕಸಾ ಗುಡಿಸಿ, ಸಾಲಾಗಿಟ್ಟು, ತಾವ ಸರಿ ಮಾಡಿ ಹ್ವಾದ್ರು.”

“ಸರಿ ಮಾಡಿ ಅಂದ್ರ?”

“ಅಂದ್ರ? ಮೂರ್ ಮೂರ್ ಎಳಿ. ವಿಭೂತಿ ಮತ್ತೆಷ್ಟ ಎಳಿ ಹಚ್ತಾರ್ರಿ?”

ಗುರುಶಾಂತಪ್ಪನವರು ಗ್ಯಾರೇಜಿಗೆ ಓಡಿದರು. ನಾಲ್ಕು ಕುಂಡಗಳೂ ಮೂರು ಮೂರು ಎಳೆ ಧರಿಸಿ, ಮಠದ ಪಂಕ್ತಿಯಲ್ಲಿ ಕುಳಿತ ಜಂಗಮರಂತೆ, ಪರಮ ಶಾಂತಿಯಿಂದ ಅವರನ್ನು ನೋಡಿದವು. ಒಗೆಯುವ ಯಂತ್ರದಿಂದ ಚೀಟಿಗಳನ್ನು ಬೂಂದಿಯ ರೂಪದಲ್ಲಿ ಹೊರತೆಗೆಯಲಾಯಿತು.

ಯಾವುದು ಯಾವ ಗಿಡವೆಂದು ಅಕ್ಕನನ್ನು ಕೇಳಬಹುದಿತ್ತು. ಆದರೆ ಕೇಳಿದರೆ ಯಾಕೆ ಎನ್ನುತ್ತಾಳೆ. ಯಾಕೆ ಎಂದರೆ ಎಲ್ಲ ಹೇಳಬೇಕಾಗುತ್ತದೆ. ಗುರುಶಾಂತಪ್ಪನವರು ಕುಂಡಗಳ ಮುಂದೆ ಕುಕ್ಕರಗಾಲಿನಲ್ಲಿ ಕೂತು ಒಂದು ತಾಸು ತರ್ಕ ಮಾಡಿದರು. ಒಂದು ಗಿಡದ ಎಲೆ ತೀರ ಸಣ್ಣದು. ಸಣ್ಣದೆಂದರೆ ಎಳೆಯದು, ಎಳೆಯದೆಂದರೆ ತಡವಾಗಿ ಹೂ ಬಿಡತಕ್ಕದ್ದು. ಆದ್ದರಿಂದ ಇದು ಫ್ರಾಂಟೊಯೊ, ಬಿಸಿಗೆ ಹೋಗಲಿ. ಇನ್ನೊಂದರ ಎಲೆ ದೊಡ್ಡದು, ಕೊಂಬೆ ಉದ್ದ, ಅವಸರದ ಸ್ವಭಾವ. ಇದು ಕೊರೊನೈಕಿ, ತಂಪಿಗೆ ಹೋಗಲಿ. ತರ್ಕದಲ್ಲಿ ಒಂದು ತಪ್ಪೂ ಇರಲಿಲ್ಲ. ಗಿಡಗಳಿಗೆ ಮಾತ್ರ ಅದು ಗೊತ್ತಿರಲಿಲ್ಲ.

ಸಣ್ಣ ಎಲೆಯ ಗಿಡ ಬಚ್ಚಲಮನೆಗೆ ಹೋಯಿತು. ಹೀಟರ್ ಹಚ್ಚಿ, ಶವರಿನ ಬಿಸಿ ಆವಿ ಬಿಟ್ಟು, ಎಂಬತ್ತೆರಡು ಡಿಗ್ರಿ ಮಾಡಿ, ಮೇಲೆ ದೀಪ ಕಟ್ಟಿದ್ದಾಯಿತು.

“ರೀ, ನಾ ಎಲ್ಲಿ ಜಳಕಾ ಮಾಡ್ಲಿ?”

“ಮ್ಯಾಲಿನ ಬಾಥ್‌ರೂಮಿನ್ಯಾಗ.”

“ಇದ ಮ್ಯಾಲಿನ ಬಾಥ್‌ರೂಮು!”

“ಹಂಗಾರ ಕೆಳಗಿಂದ್ರಾಗ.”

“ಅದರಾಗ ಶವರ್ ಎಲ್ಲೈತ್ರಿ? ಇದನ್ನ ಇಟ್ಟ ಜಳಕಾ ಮಾಡೋಣಂದ್ರ, ಮೂರೆಳಿ ವಿಭೂತಿ ಹಚಿಗೊಂಡು ನಿಂತೈತಿ. ನಾಚಿಕಿ ಆಗ್ತೈತಿ ನನಗ!”

ದೊಡ್ಡ ಎಲೆಯ ಗಿಡಕ್ಕೆ ನೋವೈಯಲ್ಲಿದ್ದ ಚಿದಂಬರರ ಬೇಸ್‌ಮೆಂಟು ಗೊತ್ತಾಯಿತು. ಗುರುಶಾಂತಪ್ಪನವರು ಅದನ್ನು ಮುಂದಿನ ಸೀಟಿನಲ್ಲಿ ಕೂರಿಸಿ, ಬೆಲ್ಟ್ ಹಾಕಿ, ಬಿಸಿಲು ತಾಗದಿರಲೆಂದು ಸ್ಮಿತಾ ಅವರ ಬಿಳಿ ಶಾಲು ಹೊದಿಸಿ, ಏಸಿಯನ್ನು ಪೂರ್ತಿ ತಿರುಗಿಸಿದರು. ತಾವು ಚಳಿಗಾಲದ ಕೋಟು, ಮಂಕಿ ಕ್ಯಾಪು ಧರಿಸಿದರು. ಮೊಗ್ಗು ಅಲುಗಬಾರದೆಂದು ಗಂಟೆಗೆ ಇಪ್ಪತ್ತೆರಡು ಮೈಲಿ. ಅರ್ಧ ದಾರಿಯಲ್ಲಿ ಹಿಂದೆ ಕೆಂಪು ನೀಲಿ ದೀಪ ಹೊಳೆಯಿತು.

ಪೊಲೀಸ್ ಅಧಿಕಾರಿ ಬಾಗಿ ನೋಡಿದರು. ಒಳಗಿನಿಂದ ಹಿಮಾಲಯದ ಗಾಳಿ ಮುಖಕ್ಕೆ ಹೊಡೆಯಿತು. “ಸರ್, ಪಕ್ಕದಲ್ಲಿರುವವರು ಆರಾಮವಾಗಿದ್ದಾರೆಯೇ?”

“ಆರಾಮವಾಗಿದ್ದಾರೆ. ಆದರೆ ಅರಳಬಾರದು, ಅದಕ್ಕೇ ತಂಪು ಮಾಡಿದ್ದೇನೆ. ಇನ್ನೊಬ್ಬರನ್ನು ಬಚ್ಚಲಲ್ಲಿ ಬಿಸಿಗೆ ಇಟ್ಟಿದ್ದೇನೆ,” ಎಂದು ಗುರುಶಾಂತಪ್ಪನವರು ತಮಗೆ ಬಂದ ಇಂಗ್ಲಿಷಿನಲ್ಲಿ ವಿವರಿಸಿದರು.

ಅಧಿಕಾರಿಯ ಕೈ ಸೊಂಟಕ್ಕೆ ಹೋಯಿತು. ಶಾಲು ತೆಗೆಯಲು ಹೇಳಿದರು. ತೆಗೆದಾಗ ಗಿಡ ಕಂಡಿತು. ಅವರು ಬಹಳ ಹೊತ್ತು ಗಿಡವನ್ನೂ, ಮಂಕಿ ಕ್ಯಾಪನ್ನೂ, ಮತ್ತೆ ಗಿಡವನ್ನೂ ನೋಡಿದರು.

“ಇದೆಲ್ಲ ಯಾಕೆ, ಸರ್?”

“ನನ್ನ ಅಕ್ಕನ ಗಂಡ ತೀರಿಕೊಂಡರು. ಇದು ಅವರ ಗಿಡ. ಆ ದಿನಕ್ಕೆ ಹೂವು ಬೇಕು.”

ಅಧಿಕಾರಿಯ ಮುಖ ಬದಲಾಯಿತು. ಟೋಪಿ ತೆಗೆದು, ನಿಮ್ಮ ದುಃಖದಲ್ಲಿ ನಾನೂ ಭಾಗಿ ಎಂದರು. ಇಷ್ಟು ನಿಧಾನ ಹೋಗುವುದು ಅಪಾಯ, ನಾನು ಮುಂದೆ ಹೋಗುತ್ತೇನೆ, ಹಿಂದೆ ಬನ್ನಿ ಎಂದರು. ಹೀಗೆ ಮಿನುಗುವ ದೀಪದ ಪೊಲೀಸ್ ಕಾರು, ಅದರ ಹಿಂದೆ ಬಿಳಿ ಶಾಲು ಹೊದ್ದ ಗಿಡ, ಇಪ್ಪತ್ತೆರಡು ಮೈಲಿ ವೇಗದಲ್ಲಿ ನೋವೈ ಕಡೆಗೆ ಸಾಗಿದವು. ಶವಯಾತ್ರೆಯೆಂದು ತಿಳಿದು ಹಿಂದಿನ ಕಾರುಗಳೂ ದೀಪ ಹಾಕಿಕೊಂಡು ಸಾಲುಗಟ್ಟಿದವು. ಅಂಥದ್ದನ್ನು ಹಿಂದೆ ಹಾಕಿ ಹೋಗುವುದು ಇಲ್ಲಿಯವರಿಗೆ ಮರ್ಯಾದೆಯಲ್ಲ. ಒಬ್ಬ ಬೆಳ್ಳಿಕೂದಲ ಅಜ್ಜಿಯಂತೂ ಚಿದಂಬರರ ಮನೆಯಂಗಳದವರೆಗೆ ಬಂದು, ಇಳಿದು, ಬಾಗಿಲಲ್ಲಿ ಲುಂಗಿಯುಟ್ಟು ನಿಂತಿದ್ದ ಚಿದಂಬರರ ಕೈ ಹಿಡಿದು ಸಮಾಧಾನ ಹೇಳಿ ಹೋದರು.

“ಯಾರ ಸತ್ತಾರಲೇ?” ಎಂದರು ಚಿದಂಬರ.

“ಸುಮ್ಮ ಐಸ್ ತಗೊಂಡ ಬಾ,” ಎಂದರು ಗುರುಶಾಂತಪ್ಪನವರು.

ನಡುವಿನ ಎರಡು ಗಿಡಗಳು ದಿನವೂ ಅವರೊಡನೆ ಕೆಲಸಕ್ಕೆ ಹೋಗಿಬರತೊಡಗಿದವು. ಬೆಳಿಗ್ಗೆ ಕಾರ್ಖಾನೆಯ ಪೂರ್ವದ ಗೋಡೆ, ಊಟದ ಬಿಡುವಿನಲ್ಲಿ ದಕ್ಷಿಣದ ಗೋಡೆ, ಮೂರು ಗಂಟೆಗೆ ಪಶ್ಚಿಮದ ಗೋಡೆ. ಟ್ರಕ್ಕಿನವರು ಗಿಡಕ್ಕೆ ಗುಡ್ ಮಾರ್ನಿಂಗ್ ಹೇಳುವುದನ್ನು ಕಲಿತರು. ಗುರುಶಾಂತಪ್ಪನವರ ಮೇಲಧಿಕಾರಿ ಒಂದು ದಿನ ಕರೆದು, ಕಳೆದ ವಾರ ಕೆಂಪು ಡಬ್ಬಿಗೆ ಹೋಗಬೇಕಾದ ಮಾಲು ಹಸಿರು ಡಬ್ಬಿಗೆ ಹೋಗಿದೆ, ಏನಾಗಿದೆ ನಿನಗೆ ಎಂದು ಕೇಳಿದ. “ಹದಿನಾಲ್ಕು ದಿನ ತಾಳಿಕೊಳ್ಳಿ,” ಎಂದರು ಇವರು.

ಮರುದಿನ ಬೆಳಿಗ್ಗೆ, ಅಂದರೆ ಮೇ ಹ‌ನ್ನೊಂದಕ್ಕೆ, ಬಚ್ಚಲಿನಿಂದ ಸ್ಮಿತಾ ಸೀನಿದರು. ಒಂದಲ್ಲ, ಹದಿನೇಳು.

ಗುರುಶಾಂತಪ್ಪನವರು ಬಾಗಿಲು ತೆರೆದರೆ ಸಣ್ಣ ಎಲೆಯ ಗಿಡ ತಲೆಯಿಂದ ಕಾಲಿನವರೆಗೆ ಕೆನೆಬಣ್ಣದ ಹೂವಾಗಿ ನಿಂತಿತ್ತು. ಕೊಂಬೆ ಮುಟ್ಟಿದರೆ ಹಳದಿ ಪುಡಿ ಹೊಗೆಯಂತೆ ಎದ್ದಿತು. “ಕಡೀ ಗಿಡಾನ ಬಿಟ್ಟೈತಿ!” ಎಂದು ಅವರು ಎರಡು ಕ್ಷಣ ಕುಣಿದರು. ಮೂರನೆಯ ಕ್ಷಣಕ್ಕೆ ಮುಖ ಬಿಳುಪೇರಿತು. ಕಡೆಯದು ಹೀಗೆ ಹದಿಮೂರು ದಿನ ಮುಂಚೆ ಬಿಡುವುದೇ? ಇದು ಕಡೆಯದಲ್ಲ. ಇದು ಮೊದಲಿನದು. ಮೊದಲಿನದನ್ನು ಬಿಸಿಗಿಟ್ಟು ಇನ್ನಷ್ಟು ಮೊದಲು ಮಾಡಿದ್ದರು. ಹಾಗಾದರೆ ಕಡೆಯದು ಎಲ್ಲಿ? ಅದು ಚಿದಂಬರರ ಬೇಸ್‌ಮೆಂಟಿನಲ್ಲಿ, ಐಸಿನ ನಡುವೆ.

ಹೀಟರ್ ಆರಿತು, ಕಿಟಕಿ ತೆರೆಯಿತು, ಐಸು ಬಚ್ಚಲಿಗೆ ಬಂತು. ಏನೂ ಪ್ರಯೋಜನವಾಗಲಿಲ್ಲ. ನಾಲ್ಕೇ ದಿನದಲ್ಲಿ ಹೂವು ಕಂದಿ ತೌಡಿನಂತೆ ಉದುರತೊಡಗಿತು. ಗುರುಶಾಂತಪ್ಪನವರು ಅದನ್ನು ಬಾಚಿ, ಮೊಸರಿನ ಖಾಲಿ ಡಬ್ಬಿಯಲ್ಲಿ ತುಂಬಿ ಫ್ರಿಜ್ಜಿನಲ್ಲಿಟ್ಟರು. ಬೇಸ್‌ಮೆಂಟಿನ ಗಿಡವನ್ನು ಬಿಸಿಲಿಗೆ ತಂದರು. ಕ್ಯಾಲಿಪರ್ ಹಚ್ಚಿದರೆ ಅದರ ಮೊಗ್ಗು ಏಪ್ರಿಲಿನಲ್ಲಿ ಇದ್ದಷ್ಟೇ ಇತ್ತು.

ಶಿಕಾಗೋದಲ್ಲಿ ಕೆಲಸದಲ್ಲಿರುವ ಮಗಳು ಅನಿಕಾ ಫೋನಿನಲ್ಲಿ ಎಲ್ಲ ಕೇಳಿ, “ಅಪ್ಪಾ, ಜಸ್ಟ್ ಟೆಲ್ ಅತ್ತೆ ದ ಟ್ರೂತ್. ಶೀ ವಿಲ್ ಅಂಡರ್‌ಸ್ಟ್ಯಾಂಡ್,” ಎಂದಳು.

ಹೇಳಿಬಿಡುತ್ತೇನೆಂದು ಗುರುಶಾಂತಪ್ಪನವರು ವೆಸ್ಟ್ ಬ್ಲೂಮ್‌ಫೀಲ್ಡಿಗೆ ಹೊರಟರು. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡರು. ಕಮಲವ್ವ ಪೂಜೆಯ ಕೋಣೆಯಲ್ಲಿ ಗಂಡನ ಫೋಟೋದ ಗಾಜು ಒರೆಸುತ್ತಿದ್ದರು. ಮುಂದೆ ನಾಲ್ಕು ಬೆಳ್ಳಿ ಬಟ್ಟಲುಗಳಿದ್ದವು.

“ಬಾರೋ ಗುರೂ. ನೋಡು, ಒಂದೊಂದ ಗಿಡಕ್ಕ ಒಂದೊಂದ ಬಟ್ಟಲ. ಹುಣಸಿಹಣ್ಣ ಹಚ್ಚಿ ತಿಕ್ಕಿಟ್ಟೀನಿ. ಯಾವಾಗೂ ಕೇಳೋರು, ‘ಕಮಲಾ, ಹ್ಯಾಂಗ ಇರಬಹುದು ಅದರ ಹೂವು?’ ಅಂತ. ನಾ ಬೈತಿದ್ದೆ, ಹೂವು ಹೂವಿನಂಗ ಇರ್ತೈತಿ, ಮತ್ತ್ಯಾನಂತ. ಏನರೆ ಹೇಳಾಕ ಬಂದಿದ್ದೇನು?”

“ಏನಿಲ್ಲಕ್ಕಾ,” ಎಂದರು ಗುರುಶಾಂತಪ್ಪನವರು. “ಫಸ್ಟ್ ಕ್ಲಾಸ್ ಅದಾವಂತ ಹೇಳಾಕ ಬಂದಿದ್ದೆ.”

ಮೇ ಇಪ್ಪತ್ನಾಲ್ಕು ಬಂತು. ಗುರುಶಾಂತಪ್ಪನವರು ನಾಲ್ಕು ಗಿಡಗಳನ್ನೂ ತಂದಿಟ್ಟಿದ್ದ ಕಮಲವ್ವನ ಮನೆಯ ಹಿತ್ತಲಿನಲ್ಲಿ ತೊಂಬತ್ತು ಜನ ಸೇರಿದರು. ಶಿಕಾಗೋದ ನಾಲ್ಕು ಕಾರು ಆರಾಗಿ ಬಂದಿದ್ದವು. ಅಯ್ಯನವರು ಗದ್ದುಗೆ ಸಿದ್ಧಮಾಡಿ ಕೂತರು. ಇಪ್ಪತ್ತು ಮಂದಿ ಹೆಂಗಸರು ಸೂಜಿಗೆ ದಾರ ಪೋಣಿಸಿಕೊಂಡು ಗಿಡಗಳ ಕಡೆ ನಡೆದರು. ಒಂದು ಗಿಡ ಬೋಳು. ಒಂದರಲ್ಲಿ ಅಲ್ಲಲ್ಲಿ ಹೂವು ಬಿರಿದಿತ್ತು. ಒಂದರಲ್ಲಿ ನಾಳೆಯೋ ನಾಡಿದ್ದೋ ಎನ್ನುವಂಥ ಬಿಳಿ ಮೊಗ್ಗು. ಇನ್ನೊಂದರಲ್ಲಿ ಹಸಿರು ಕಾಳು.

“ಹೂವು ಎಲ್ರೀ ಸ್ಮಿತಾ?”

“ಅದ ಹೂವು.”

“ಇದು? ಇದೇನ್ರೀ, ಒಗ್ಗರಣ್ಯಾಗ ಸಿಡದ ಸಾಸಿವಿ ಕಂಡಂಗ ಕಾಣ್ತೈತಿ!”

ಕನ್ನಡಕ ಕೈಯಿಂದ ಕೈಗೆ ದಾಟಿತು. ಶಿವರಾಮು ಬಂದು ಬಾಗಿ ನೋಡಿ, “ಅಲ್ಲಾ ಸ್ವಾಮಿ, ಸೂಜಿ ಕಣ್ಣಲ್ಲಿ ದಾರದ ಬದಲು ಹೂವೇ ತೂರಿ ಹೋಗತ್ತಲ್ಲ! ಜನಕ್ಕೆ ಏನು ಹೇಳೋದು ಈಗ? ನೀವೇ ಹೇಳಿ,” ಎಂದು ಮೈಕನ್ನು ಗುರುಶಾಂತಪ್ಪನವರ ಕೈಗೆ ತುರುಕಿದರು.

ಗುರುಶಾಂತಪ್ಪನವರು ಮಿಷಿಗನ್ನಿನ ಹವಾಮಾನದಿಂದ ಆರಂಭಿಸಿದರು. ಈ ವರ್ಷದ ಏಪ್ರಿಲ್ ಎಂಥದ್ದು ಎಂದರು. ಆಗ ಅವರ ಕಣ್ಣು ಅಕ್ಕನ ಮೇಲೆ ಬಿತ್ತು. ಅವಳು ಖಾಲಿ ಬಟ್ಟಲು ಹಿಡಿದು ನಿಂತಿದ್ದಳು.

“ಅಕ್ಕಾ, ನಾ ಸುಳ್ಳ ಹೇಳೀನಿ. ಒಂದು ತಿಂಗಳಾತು, ಯಾವೂ ಫಸ್ಟ್ ಕ್ಲಾಸ್ ಇರಲಿಲ್ಲ.”

ಆಮೇಲೆ ಎಲ್ಲ ಹೊರಬಂತು. ಒಂದು ಎಳೆ, ಎರಡು ಎಳೆ, ಒಗೆಯುವ ಯಂತ್ರ, ಬಚ್ಚಲು, ಐಸು, ಪೊಲೀಸ್, ಬೆಳ್ಳಿಕೂದಲ ಅಜ್ಜಿ, ಸ್ಮಿತಾ ಅವರ ಹದಿನೇಳು ಸೀನು. ಜನ ಮೊದಲು ತುಟಿ ಕಚ್ಚಿದರು. ಚಿದಂಬರರು ಬಾಯಿಗೆ ಕರವಸ್ತ್ರ ಹಿಡಿದರು. ಕೊನೆಗೆ ಅಯ್ಯನವರೇ ನಕ್ಕುಬಿಟ್ಟದ್ದರಿಂದ ಉಳಿದವರಿಗೂ ಪರವಾನಗಿ ಸಿಕ್ಕಿತು. ಕಮಲವ್ವ ಮಾತ್ರ ನಗಲಿಲ್ಲ.

“ಆ ಎಳಿ ನಿನ್ನ ಗುರ್ತಿದ್ವೇನು?”

“ಹೌದಕ್ಕಾ.”

“ಅಯ್ಯ ಶಿವನ! ನಾನ ಒರಸಿದ್ನಲ್ಲೋ! ನನ್ನ ಕೇಳಾಕ ಏನಾಗಿತ್ತೋ ನಿನಗ? ಮೂರು ವರ್ಷ ನೀರ ಹಾಕೀನಿ, ಕಣ್ಣ ಮುಚ್ಚಿ ಹೇಳ್ತಿದ್ದೆ.” ಅವರು ಗಿಡಗಳ ಹತ್ತಿರ ಹೋಗಿ ಒಂದೊಂದರ ಎಲೆ ಮುಟ್ಟಿದರು. “ಅವರು ಇಂಗ್ಲಿಷ್ ಹೆಸರ ಹೇಳೋರು, ನನಗ ಬಾಯಾಗ ತಿರುಗ್ತಿರಲಿಲ್ಲ. ಇದು ಸಣ್ಣೆಲಿ. ಇದು ಕುಳ್ಳ. ಇದು ಜೋತಾಡೂದು. ಇದು ಸೋಮಾರಿ, ಚಿಗುರೂದು ಸೈತ ಎಲ್ಲಾರ ಹಿಂದ.”

ಸೋಮಾರಿ ಎಂದರೆ ಐಸಿನ ಗಿಡ. ಗುರುಶಾಂತಪ್ಪನವರು ತಲೆ ತಗ್ಗಿಸಿದರು.

“ಸಣ್ಣೆಲಿ ಹೂವು ಎಲ್ಲಿ ಇಟ್ಟೀಯೋ?”

“ಮೊಸರಿನ ಡಬ್ಬ್ಯಾಗ.”

ಕಾರಿನಿಂದ ಡಬ್ಬಿ ಬಂತು. ಒಳಗೆ ಕಂದುಬಣ್ಣದ ಹಿಡಿ ತೌಡಿತ್ತು. ಕಮಲವ್ವ ಅದನ್ನು ಮೊದಲ ಬಟ್ಟಲಿಗೆ ಸುರಿದರು. ಕುಳ್ಳ ಗಿಡದ ಬಿರಿದ ಹೂವನ್ನು ಎರಡನೆಯದಕ್ಕೆ, ಜೋತಾಡುವ ಗಿಡದ ಬಿಳಿ ಮೊಗ್ಗನ್ನು ಮೂರನೆಯದಕ್ಕೆ ತಾವೇ ಬಿಡಿಸಿ ಹಾಕಿದರು. ಅಯ್ಯನವರು ತುಸು ಅನುಮಾನಿಸಿದರು. “ತಾಯಿ, ಬಾಡಿದ್ದು, ಬಿರಿಯದ್ದು, ಪೂಜಿಗೆ ಬರೂದಿಲ್ಲಲ್ಲ.”

“ಪೂಜಿಗೆ ಮಲ್ಲಿಗಿ ಐತ್ರಿ ಅಯ್ಯನೋರ. ಇವು ಅವರಿಗೆ ತೋರಸಾಕ. ಕೇಳ್ತಿದ್ರಲ್ಲ, ಹ್ಯಾಂಗ ಇರ್ತೈತಂತ.”

ಗುರುಶಾಂತಪ್ಪನವರು ಸೋಮಾರಿಯ ಹಸಿರು ಕಾಳನ್ನಾದರೂ ಬಿಡಿಸಿ ನಾಲ್ಕೆಂಬ ಮಾತು ಉಳಿಸಿಕೊಳ್ಳಲು ಕೈ ಚಾಚಿದರು. ಕಮಲವ್ವ ಆ ಕೈಗೆ ಒಂದು ಪೆಟ್ಟು ಹಾಕಿದರು.

“ಅದನ್ನ ಮುಟ್ಟಬ್ಯಾಡ. ಅದಕ್ಕಿನ್ನೂ ಹೊತ್ತೈತಿ. ಇಲ್ಲೇ ಬಿಟ್ಟ ಹೋಗು ನನ್ನ ಹಂತೇಕ.”

ನಾಲ್ಕನೆಯ ಬಟ್ಟಲು ಖಾಲಿಯಾಗಿಯೇ ಫೋಟೋದ ಮುಂದೆ ಕೂತಿತು. ಹೆಂಗಸರು ಸೂಜಿಗಳನ್ನು ಮಲ್ಲಿಗೆಗೆ ತಿರುಗಿಸಿದರು. ಊಟ ಚೆನ್ನಾಗಿತ್ತು. ಶಿವರಾಮು ಇಪ್ಪತ್ತೈದು ನಿಮಿಷ ಮಾತಾಡಿದರು.

ಆಮೇಲಿನ ದಿನಗಳಲ್ಲಿ ಗುರುಶಾಂತಪ್ಪನವರಿಗೆ ಮಾಡಲು ಏನೂ ಉಳಿಯಲಿಲ್ಲ. ಬೆಳಿಗ್ಗೆ ಎದ್ದವರೇ ಗ್ಯಾರೇಜಿಗೆ ಹೋಗಿ ನಿಂತು, ಮರಳಿ ಬರುತ್ತಿದ್ದರು. ಅಕ್ಕನ ಫೋನೂ ನಿಂತಿತ್ತು. ಈಗ ಇವರೇ ದಿನಕ್ಕೆ ಎರಡು ಸಲ ಮಾಡಿ, “ಹ್ಯಾಂಗ ಐತಿ? ಬಿಸಿಲಿಗೆ ಸರಸ್ಲೇನು? ನೀರ ಹೆಚ್ಚಾಗಿಲ್ಲಲ್ಲ?” ಎಂದು ಕೇಳುತ್ತಿದ್ದರು. “ಐತಿ,” ಎಂದು ಕಮಲವ್ವ ಇಟ್ಟುಬಿಡುತ್ತಿದ್ದರು.

ಜೂನ್ ಹದಿನಾರರ ಬೆಳಿಗ್ಗೆ ಫೋನು ಬಂತು. “ಬಾ,” ಎಂದರು ಕಮಲವ್ವ. ಅಷ್ಟೇ.

ಗುರುಶಾಂತಪ್ಪನವರು ಕೆಲಸಕ್ಕೆ ರಜೆ ಹೇಳುವುದನ್ನೂ ಮರೆತು, ಸ್ಮಿತಾ ಅವರ ಚಪ್ಪಲಿ ಮೆಟ್ಟಿಕೊಂಡು ಹೊರಟರು. ಹಿತ್ತಲಿನಲ್ಲಿ ಸೋಮಾರಿ ಕೊಂಬೆಕೊಂಬೆಗೂ ಬಿರಿದು ನಿಂತಿತ್ತು. ಕಮಲವ್ವ ಒಂದು ಹೂವನ್ನೂ ಬಿಡಿಸಿರಲಿಲ್ಲ. ಪೂಜೆಯ ಕೋಣೆಯಿಂದ ಗಂಡನ ಫೋಟೋವನ್ನೇ ಹೊರತಂದು, ಗಿಡದ ಎದುರಿನ ಕುರ್ಚಿಯ ಮೇಲಿಟ್ಟು, ಪಕ್ಕದ ಕುರ್ಚಿಯಲ್ಲಿ ತಾವು ಕೂತಿದ್ದರು.

ಗುರುಶಾಂತಪ್ಪನವರು ಗಿಡದ ಸುತ್ತ ಎರಡು ಸುತ್ತು ಬಂದರು. ಕುಂಡವನ್ನು ತುಸು ಪೂರ್ವಕ್ಕೆ ತಿರುಗಿಸಲೇ ಎಂದು ನೋಡಿದರು. ಮೇಲೆ ಮೋಡ ನೋಡಿದರು. ಜೇಬಿನಲ್ಲಿ ಕೈ ಹಾಕಿದರು.

“ಸಣ್ಣು ಅದಾವಲ್ಲೋ,” ಎಂದರು ಕಮಲವ್ವ.

“ಅಳತಿ ತಗೀಲೇನಕ್ಕಾ?”

“ಸುಮ್ಮ ಕೂಡ್ರೋ,” ಎಂದು ಕಮಲವ್ವ ಮೂರನೆಯ ಕುರ್ಚಿಯನ್ನು ಕಾಲಿನಿಂದ ಅವರ ಕಡೆಗೆ ತಳ್ಳಿದರು. ವರ್ಷದ ಮೇಲೆ ಅವರ ಮುಖದಲ್ಲಿ ನಗು ಬಂದಿತ್ತು.

ಗುರುಶಾಂತಪ್ಪನವರು ಕೂತರು.